ಈ ಸಲ ಜೋಳ ಕಡಿಮೆ, ದರ 6 ರೂಪಾಯಿ ಜಾಸ್ತಿ

ನಮ್ಮ ರೈತರ ಸಂಘದ ಗ್ರಾಹಕರಿಗೆಲ್ಲ ಶರಣು ಶರಣಾರ್ಥಿ.

ಬೇಜಾರಿನ ಸುದ್ದಿ ಮೊದಲು ಹೇಳಿಬಿಡುತ್ತೇವೆ. ಈ ಸಲ ಮಾಲದಂಡಿ ತಳಿಯ ಜೋಳಕ್ಕೆ ಕೆ.ಜಿ.ಗೆ 6 ರೂಪಾಯಿ ಜಾಸ್ತಿ. ಒಂದು ಮನೆಗೆ 25 ಕೆ.ಜಿ. ಮಾತ್ರ ಕೊಡುತ್ತೇವೆ. ಕೊಯ್ಲು, ರಾಶಿ ಮುಗಿದು ಜೋಳ ನಿಮ್ಮ ಮನೆಗೆ ಬರುವುದು ಕಲಬುರಗಿಯ ಶರಣಬಸವೇಶ್ವರ ಜಾತ್ರೆ ಆದ ಮೇಲೆ. ವರ್ಷದ ಜೋಳ ಒಮ್ಮೆಲೇ ತುಂಬಿಸಿಕೊಳ್ಳುವವರಿಗೆ ತೊಂದರೆ ಆಗುತ್ತದೆ, ಗೊತ್ತು. ತೊಗರಿಬೇಳೆ ದರ ಮಾತ್ರ ಹಳೆಯದೇ.

ಚಿತ್ತಾಪುರ ತಾಲ್ಲೂಕಿನ ನಮ್ಮ ಸದಸ್ಯರ ಹೊಲಗಳೆಲ್ಲ ಎರೆ ನೆಲ, ಅಂದರೆ ಕಪ್ಪು ಮಣ್ಣು. ಹಿಂಗಾರಿ ಜೋಳ ಬಿತ್ತುವ ಹೊಲವನ್ನು ಮುಂಗಾರಿನಲ್ಲಿ ಖಾಲಿ ಬಿಟ್ಟು, ಮೂರು ನಾಲ್ಕು ಸಲ ಕುಂಟೆ ಹೊಡೆದು ಹರಗುವುದು ಹಿರಿಯರ ಕಾಲದ ಪದ್ಧತಿ. ಹುಲ್ಲುಕಡ್ಡಿ ಇಲ್ಲದ ಹೊಲ ಅಂದರೆ ರೈತನ ಮರ್ಯಾದೆ. ಕಸ ಕಂಡರೆ ಊರವರು ‘ಇಂವಾ ಮೈಗಳ್ಳ’ ಅಂದುಬಿಡುತ್ತಾರೆ. ಆದರೆ ಜೋರು ಮಳೆ ಬೀಳುವುದೂ ಅದೇ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಆಗ ಆ ಮಣ್ಣಿನ ಮೇಲೆ ಒಂದು ಎಲೆಯ ನೆರಳೂ ಇರುವುದಿಲ್ಲ. ಎರೆ ಮಣ್ಣು ನೀರು ಕುಡಿದು ಉಬ್ಬಿ ಬಾಯಿ ಮುಚ್ಚಿಕೊಳ್ಳುತ್ತದೆ. ಆಮೇಲೆ ಬಿದ್ದ ನೀರು ಇಂಗದೆ ಹರಿಯುತ್ತದೆ. ಮೇಲಿನ ಮಣ್ಣನ್ನು, ಹಾಕಿದ ಗೊಬ್ಬರವನ್ನು ಎತ್ತಿಕೊಂಡು ಹಳ್ಳಕ್ಕೆ, ಹಳ್ಳದಿಂದ ಕಾಗಿಣಾ ನದಿಗೆ, ಕಾಗಿಣಾದಿಂದ ಭೀಮಾಕ್ಕೆ ಹೋಗುತ್ತದೆ. ಮಳೆಗಾಲದಲ್ಲಿ ಕಾಗಿಣಾ ಸೇತುವೆ ಮೇಲೆ ನಿಂತು ನೋಡಿ. ಆ ನೀರಿನ ಬಣ್ಣ ನಮ್ಮ ಹೊಲದ್ದು.

ಅದಕ್ಕೇ ಈಗ ಮೊದಲ ಹದ ಮಳೆಗೇ ಕೆಲವು ಹೊಲಗಳಲ್ಲಿ ಹೆಸರು, ಕೆಲವುಗಳಲ್ಲಿ ಸೆಣಬು ಬಿತ್ತುತ್ತಿದ್ದೇವೆ. ಮಣ್ಣನ್ನು ಬರಿದು ಬಿಡದೆ ಮುಚ್ಚುವ ಹೊದಿಕೆ ಬೆಳೆ ಅನ್ನುತ್ತಾರಲ್ಲ, ಅದೇ. ಹೆಸರು 65-70 ದಿನಕ್ಕೆ ಕೈಗೆ ಬರುತ್ತದೆ. ಕಾಯಿ ಬಿಡಿಸಿಕೊಂಡು ಬಳ್ಳಿಯನ್ನು ಮಣ್ಣಿಗೆ ಬಿಡುತ್ತೇವೆ. ಸೆಣಬನ್ನು ಹೂ ಕಾಣುವ ಹೊತ್ತಿಗೆ, 45-50 ದಿನಕ್ಕೆ, ಹಸಿಹಸಿಯಾಗಿ ಮಣ್ಣಿಗೆ ಸೇರಿಸಬೇಕು. ಎರಡೂ ಗಾಳಿಯಲ್ಲಿನ ಸಾರಜನಕವನ್ನು ಬೇರಿನ ಗಂಟುಗಳಲ್ಲಿ ಹಿಡಿಯುವ ಬೆಳೆಗಳು. ಗಂಟು ಒಡೆದಾಗ ಒಳಗೆ ತಿಳಿಗೆಂಪು ಕಂಡರೆ ಕೆಲಸ ನಡೆದಿದೆ ಎಂದು ಅರ್ಥ. ಹೊಲಕ್ಕೆ ಬರುವ ಮಕ್ಕಳಿಗೆ ಈಗ ಅದೇ ಆಟ.

ಇದರಿಂದ ಯೂರಿಯಾ ಕಡಿಮೆ ಮಾಡಿದ್ದೇವೆ, ಪೂರ್ತಿ ಬಿಟ್ಟಿಲ್ಲ. 45 ಕೆ.ಜಿ. ಚೀಲದಲ್ಲಿ ಸಾರಜನಕ ಇರುವುದೇ 20 ಕೆ.ಜಿ. ಚಿಲ್ಲರೆ. ಅದರಲ್ಲೂ ಬೆಳೆಗೆ ದಕ್ಕದ ಪಾಲು ಗಾಳಿಗೆ, ಹಳ್ಳಕ್ಕೆ, ಕುಡಿಯುವ ಬಾವಿಗೆ. ಪೂರ್ತಿ ಬಿಟ್ಟಿಲ್ಲವಾದ್ದರಿಂದ ಚೀಲದ ಮೇಲೆ ‘ಸಾವಯವ’ ಎಂದು ಬರೆಯುವುದಿಲ್ಲ. ಬರೆದರೆ ಜಾಸ್ತಿ ಮಾರಾಟ ಆಗುತ್ತದೆ ಎಂದು ಸಲಹೆ ಕೊಟ್ಟವರಿದ್ದಾರೆ. ಬೇಡ ಅಂದೆವು.

ಹಾಗಾದರೆ ಜೋಳ ಯಾಕೆ ಕಡಿಮೆ? ತಪ್ಪು ನಮ್ಮದೇ. ಹೋದ ಮುಂಗಾರಿನಲ್ಲಿ ಮಳೆ ಬಿಡುವು ಕೊಡಲಿಲ್ಲ. ಎರೆ ಹೊಲ ಹಸಿ ಇದ್ದರೆ ಟ್ರ್ಯಾಕ್ಟರ್ ಇರಲಿ, ಕಾಲಿಟ್ಟ ಮನುಷ್ಯನ ಚಪ್ಪಲಿಯೂ ವಾಪಸ್ ಬರುವುದಿಲ್ಲ. ಕಾಯುತ್ತಾ ಕೂತೆವು. ಸೆಣಬು ಎರಡೂವರೆ ತಿಂಗಳು ನಿಂತೇ ಇತ್ತು. ಅದು ಹಗ್ಗ ಹೊಸೆಯುವ ಗಿಡ, ಅಲ್ವಾ? ಕಾಂಡವೆಲ್ಲ ನಾರಾಗಿ ಮಣ್ಣು ತಿರುವುವ ರೋಟಾವೇಟರ್‌ಗೆ ಸುತ್ತಿಕೊಂಡಿತು. ಕೊಳೆಯದ ಕಡ್ಡಿಗಳ ನಡುವೆ ಬೀಜ ಬಿತ್ತುವ ಕೂರಿಗೆ ಓಡಲಿಲ್ಲ. ಅಕ್ಟೋಬರ್ ಕೊನೆಗೆ ಬಿತ್ತಿದ ಕಡೆ ಬೀಜ ಅಲ್ಲೊಂದು ಇಲ್ಲೊಂದು ಹುಟ್ಟಿತು. ಎಳ್ಳಮಾವಾಸ್ಯೆಗೆ ಹೊಲಕ್ಕೆ ಎಡೆ ಕೊಡುವ ಚರಗ ಚೆಲ್ಲಲು ಹೋದಾಗ ತೆನೆ ನೋಡಿದೆವು. ಕಾಳು ಸೊಪ್ಪಿನ ಭಜ್ಜಿ ಉಣ್ಣುತ್ತಲೇ ಲೆಕ್ಕ ಹಾಕಿದೆವು. ಕೇಳಿದವರಿಗೆಲ್ಲ ಕೇಳಿದಷ್ಟು ಕೊಡಲು ಸಾಲುವುದಿಲ್ಲ. ಹೆಸರು ಬೆಳೆದ ಹೊಲಗಳಲ್ಲಿ ಜೋಳ ಚೆನ್ನಾಗಿಯೇ ಇದೆ.

ಮುಂದಿನ ವರ್ಷ ಸರಿಹೋಗುತ್ತದೆ ಎಂದು ಸುಮ್ನೆ ಮಾತು ಕೊಡಲಾರೆವು. ಹಿಂಗಾರಿ ಜೋಳ ಬದುಕುವುದೇ ನೆಲದಲ್ಲಿ ಉಳಿದ ತೇವದ ಮೇಲೆ. 2023ರಂಥ ಬರದ ವರ್ಷ ಬಂದರೆ ಮುಂಗಾರಿ ಬೆಳೆ ಆ ತೇವವನ್ನು ಕುಡಿದುಬಿಡುತ್ತದೆ. ಅಂಥ ವರ್ಷ ಸೆಣಬನ್ನು ಎಳೆಯದಾಗಿರುವಾಗಲೇ ಕೊಯ್ದು ನೆಲದ ಮೇಲೆ ಹಾಸಬೇಕು. ಅದನ್ನೂ ಕಲಿಯುತ್ತಿದ್ದೇವೆ.

ಜೋಳದ ಕಣಕಿಯನ್ನೂ (ಒಣ ದಂಟನ್ನೂ) ಹೊಲದಲ್ಲೇ ಬಿಡಿ ಎಂದು ಒಬ್ಬ ಗ್ರಾಹಕರು ಬರೆದಿದ್ದರು. ಬಿಡಬಹುದು, ಎತ್ತು ಏನು ತಿನ್ನಬೇಕು? ತೊಗರಿ ಕಟ್ಟಿಗೆಯನ್ನು ಬದುವಿನಲ್ಲಿ ಸುಡುವುದನ್ನಂತೂ ನಿಲ್ಲಿಸಿದ್ದೇವೆ. ಪುಡಿ ಮಾಡಿ ಹೊಲಕ್ಕೇ ಹಾಕುತ್ತೇವೆ.

6 ರೂಪಾಯಿಯಲ್ಲಿ 4 ರೂಪಾಯಿ ಬೆಳೆದವರಿಗೆ ಹೋಗುತ್ತದೆ. ಎಕರೆಗೆ ಸುಮಾರು 20 ಕೆ.ಜಿ. ಸೆಣಬಿನ ಬೀಜ ಬೇಕು, ಟ್ರ್ಯಾಕ್ಟರ್ ಬಾಡಿಗೆ ಬೇರೆ. ಅದರಿಂದ ಮಾರುವಂಥದ್ದು ಏನೂ ಬರುವುದಿಲ್ಲ. ಉಳಿದ 2 ರೂಪಾಯಿ ಈ ಹೊಲಗಳ ಜೋಳವನ್ನು ಬೇರೆಯಾಗಿ ಹಸನು ಮಾಡಿ ಇಡುವ ಖರ್ಚು.

ಈ ಪತ್ರ ತಲುಪುವ ಮೊದಲು ಮುಂಗಡ ಕೊಟ್ಟವರಿಗೆ ಹಳೆ ದರವೇ. 25 ಕೆ.ಜಿ. ಮಿತಿ ಅವರಿಗೂ ಇದೆ, ಮಿಕ್ಕ ಹಣ ವಾಪಸ್ ಕೊಡುತ್ತೇವೆ. ಅದೇ ಹಣಕ್ಕೆ ಹೆಸರುಕಾಳು ಬೇಕೆಂದರೆ ಹೇಳಿ, ಈಗಲೇ ಇದೆ. ಕಾಳು ಸ್ವಲ್ಪ ಸಣ್ಣ, ಬೇಗ ಬೇಯುತ್ತದೆ.

ನಿಮ್ಮ,
ಸಂಘದ ಕಾರ್ಯದರ್ಶಿ