ಈಸ್ಟರ್‌ಗೆ ಪೀನಟ್ ಬಟರ್ ಮೊಟ್ಟೆ: ಶನಿವಾರ ಬರುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಶನಿವಾರ ಮಕ್ಕಳ ಜೊತೆ ಈಸ್ಟರ್ ಮೊಟ್ಟೆ ಮಾಡುವುದು ಖಚಿತ. ನಿಜವಾದ ಮೊಟ್ಟೆ ಅಲ್ಲ, ಚಾಕೊಲೇಟ್‌ನಲ್ಲಿ ಅದ್ದಿದ ಪೀನಟ್ ಬಟರ್ ಮಿಠಾಯಿ. ಇಲ್ಲಿ ಪೆನ್ಸಿಲ್ವೇನಿಯಾದಲ್ಲಿ ಎಷ್ಟೋ ಚರ್ಚಿನವರು ಹಣ ಕೂಡಿಸಲು ಇದನ್ನೇ ಮಾಡಿ ಮಾರುತ್ತಾರೆ, ನೋಡಿರುತ್ತೀರಿ ಅಲ್ವಾ?

ಹೂರಣ ಮನೆಯಲ್ಲೇ ಕಲಸಿ ತನ್ನಿ. 1 ಕಪ್ ಪೀನಟ್ ಬಟರ್, ಕಾಲು ಕಪ್ ಮೆತ್ತಗಾದ ಬೆಣ್ಣೆ, 2 ಕಪ್ ಸಕ್ಕರೆ ಪುಡಿ, ಚಿಟಿಕೆ ಉಪ್ಪು. ಎಣ್ಣೆ ಮೇಲೆ ತೇಲುವ 'ನ್ಯಾಚುರಲ್' ಡಬ್ಬಿ ಬೇಡ, ಆಕಾರ ನಿಲ್ಲುವುದಿಲ್ಲ. ಕೈಗೆ ಅಂಟಿದರೆ ಇನ್ನೊಂದೆರಡು ಚಮಚ ಸಕ್ಕರೆ ಪುಡಿ ಹಾಕಿ. ಮೊಟ್ಟೆಯ ಹಾಗೆ ತಟ್ಟಿ, ಅರ್ಧ ಗಂಟೆ ಫ್ರೀಜರ್‌ನಲ್ಲಿಟ್ಟು, ತಣ್ಣಗಿರುವಾಗಲೇ ತನ್ನಿ. ಮೆತ್ತಗಾದರೆ ಬಿಸಿ ಚಾಕೊಲೇಟ್‌ನಲ್ಲಿ ಒಡೆದುಹೋಗುತ್ತದೆ.

ಚಾಕೊಲೇಟ್ ಕರಗಿಸುವುದು ನನಗೆ ಬಿಡಿ. ಮೈಕ್ರೋವೇವ್‌ನಲ್ಲಿ 30 ಸೆಕೆಂಡಿಗೊಮ್ಮೆ ತೆಗೆದು ಕಲಕಬೇಕು. ಒಂದು ಹನಿ ನೀರು ಬಿದ್ದರೂ ಗಂಟುಗಂಟಾಗಿ ಕೆಡುತ್ತದೆ. ಹಾಗಾಗಿ ಒದ್ದೆ ಕೈಯ ಮಕ್ಕಳು ಬಟ್ಟಲ ಹತ್ತಿರ ಸುಳಿಯಬಾರದು! ಫೋರ್ಕ್ ಮೇಲಿಟ್ಟು ಅದ್ದಿ, ಬಟ್ಟಲ ಅಂಚಿಗೆ ಎರಡು ಸಲ ಮೆಲ್ಲಗೆ ತಟ್ಟಿ. ಜಾಸ್ತಿಯಾದದ್ದು ಇಳಿದುಹೋಗುತ್ತದೆ. ಬಣ್ಣದ ಸಕ್ಕರೆ ಕಾಳು ಉದುರಿಸುವುದು ಮಕ್ಕಳ ಕೆಲಸ, ಆದರೆ ಬೇಗ. ಚಾಕೊಲೇಟ್ ಗಟ್ಟಿಯಾದ ಮೇಲೆ ಉದುರಿಸಿದ್ದೆಲ್ಲ ನೆಲಕ್ಕೇ.

ಯಾರ ಮನೆಯಲ್ಲಾದರೂ ಕಡಲೆಕಾಯಿ ಅಲರ್ಜಿ ಇದ್ದರೆ ಇವತ್ತೇ ತಿಳಿಸಿ. ಸುಮ್ನೆ ಪಾತ್ರೆ ಬೇರೆ ಮಾಡಿದರೆ ಸಾಲದು. ಹೂರಣವನ್ನೇ ಎಲ್ಲರಿಗೂ ತೆಂಗಿನಕಾಯಿಯದು ಮಾಡೋಣ. ಉಳಿದದ್ದನ್ನು ಶಾಲೆ ಡಬ್ಬಿಗೆ ಹಾಕಬೇಡಿ. ಫ್ರಿಜ್‌ನಲ್ಲಿ ಒಂದು ವಾರ ಚೆನ್ನಾಗಿರುತ್ತದೆ, ಉಳಿದರೆ ತಾನೇ!