ನವನಗರದ ಝೆರಾಕ್ಸ್ ಅಂಗಡಿಯ ತಮ್ಮನಿಗೆ

ನಾಲ್ಕನೆಯ ತರಗತಿಯ ಮಗಳು ಕಾಲು ಮುರಿದುಕೊಂಡು ಆರು ವಾರ ಮನೆಯಲ್ಲೇ. ಗಣಿತದ ಪುಸ್ತಕವನ್ನು ಬಸ್ಸಿನಲ್ಲಿ ಮರೆತು ಬಂದವಳು ನಾನು, ಬೈಸಿಕೊಂಡವಳು ಅವಳು. ಪಕ್ಕದ ಮನೆಯ ಪುಸ್ತಕವನ್ನು ಎರವಲು ತಂದು, ಇಡಿಯಾಗಿ ಝೆರಾಕ್ಸ್ ಮಾಡಿಸಲು ಬಾಗಲಕೋಟೆ ನವನಗರದ ಅಂಗಡಿಯೊಂದಕ್ಕೆ ಹೋದೆ.

“ಇಷ್ಟು ಪುಟಕ್ಕೆ ಯಾಕೆ ದುಡ್ಡು ಹಾಕುತ್ತೀರಿ, ಅಕ್ಕಾರೆ?” ಎಂದು ಆ ಹುಡುಗ ಯಂತ್ರದ ಮುಚ್ಚಳ ಮುಚ್ಚಿಬಿಟ್ಟ. ತನ್ನ ವ್ಯಾಪಾರಕ್ಕೆ ತಾನೇ ಕಲ್ಲು ಹಾಕಿಕೊಂಡ!

ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಪುಸ್ತಕಗಳು ಉಚಿತವಾಗಿ ಸಿಗುತ್ತವೆಂದು ನನಗೆ ಗೊತ್ತಾದದ್ದೇ ಆಗ. ನನ್ನ ಮೊಬೈಲಿನ ಡೇಟಾ ಖರ್ಚಾಗಬಾರದೆಂದು ಅಂಗಡಿಯ ವೈಫೈಯಿಂದಲೇ ಇಳಿಸಿಕೊಟ್ಟ. ಪುಸ್ತಕದೊಳಗಿನ ಕಪ್ಪು ಚೌಕಗಳನ್ನು ನಾನು ಅಲಂಕಾರವೆಂದುಕೊಂಡಿದ್ದೆ. ಅವು ಕ್ಯೂಆರ್ ಕೋಡ್‌ಗಳಂತೆ. ಸರ್ಕಾರದ ಕಲಿಕಾ ಆ್ಯಪ್ ‘ದೀಕ್ಷಾ’ದಲ್ಲಿ ಸ್ಕ್ಯಾನ್ ಮಾಡಿದರೆ ಪಾಠಕ್ಕೆ ಸಂಬಂಧಿಸಿದ ವಿಡಿಯೊ ತೆರೆದುಕೊಳ್ಳುತ್ತದೆ. ಮಲಗಿದ ಮಗುವಿಗೆ ಬೇಸರವಾದೀತೆಂದು ಪ್ರಥಮ್ ಬುಕ್ಸ್ ಎಂಬ ಮಕ್ಕಳ ಪುಸ್ತಕ ಪ್ರಕಾಶನದ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡ ಕಥೆಗಳನ್ನೂ ತೋರಿಸಿ, ಹಾಳಾದ ಹಾಳೆಯೊಂದರ ಹಿಂಬದಿಯಲ್ಲಿ ಎಲ್ಲ ಹೆಸರುಗಳನ್ನು ದಪ್ಪಕ್ಷರದಲ್ಲಿ ಬರೆದ.

ಭಿನ್ನರಾಶಿಯ ಎರಡು ಪುಟ ಮಾತ್ರ ಪ್ರಿಂಟ್ ತೆಗೆದು, “ಇದು ಕೈಯಲ್ಲಿರಲಿ, ಬರೆದು ಕಲಿಯಬೇಕಲ್ಲ” ಎಂದ. ನಾಲ್ಕು ರೂಪಾಯಿ. ಹತ್ತರ ನೋಟು ಕೊಟ್ಟು ಹೊರಟವಳನ್ನು ಕರೆದು ಆರು ರೂಪಾಯಿ ಎಣಿಸಿ ಕೊಟ್ಟ. ಹಿಂದೆ ನಿಂತವರು ಗೊಣಗುತ್ತಿದ್ದರು, ಪಾಪ.

ಗಡಿಬಿಡಿಯಲ್ಲಿ ಹೆಸರು ಕೇಳಲಿಲ್ಲ. ಧನ್ಯವಾದ, ತಮ್ಮಾ. ಆ ರಾತ್ರಿ ಮಗಳು ಮೂರು ಕಥೆ ಓದಿದಳು. ಭಿನ್ನರಾಶಿ ಇನ್ನೂ ಬಾಕಿ ಇದೆ.