ಅಪ್ಪನ ಪೊರೆ, ಕ್ಯಾಪ್ಟನ್ ಕರ್ಕ್‌ನ ಕನ್ನಡಕ

ಲಂಡನ್, ಶನಿವಾರ

ಅಪ್ಪನಿಗೆ ನಮಸ್ಕಾರ. ನಾನಿಲ್ಲಿ ಕ್ಷೇಮ. ನೀವೂ ಕ್ಷೇಮ ಅಂದುಕೊಂಡಿದ್ದೇನೆ ಅಂತ ಬರೆಯೋಣವೆಂದರೆ ಅಮ್ಮನ ಕಾಗದ ಕೈಯಲ್ಲಿದೆ. ಎಡಗಣ್ಣಿನ ಪೊರೆಗೆ ಡಾಕ್ಟರು ಆಪರೇಷನ್ ಹೇಳಿದ್ದಾರೆ, ನೀವು ‘ಇನ್ನೂ ಹಣ್ಣಾಗಲಿ’ ಅಂತ ಮುಂದಕ್ಕೆ ಹಾಕುತ್ತಿದ್ದೀರಂತೆ. ಸಿನಿಮಾ ನೋಡುವಾಗ ಟೀವಿಗೆ ಮೂಗು ತಾಗಿಸಿ ಕೂರುತ್ತೀರಂತೆ, ಸಬ್‌ಟೈಟಲ್ ಓದಿ ಹೇಳಲು ಗಿರಿ ಬೇಕಂತೆ. ಅವನು ಓದಿದರೆ ಸ್ಟಾರ್ ವಾರ್ಸ್‌ನ ಖಳನಾಯಕ ಡಾರ್ತ್ ವೇಡರ್ ಕೂಡ ಹಾಜರಿ ಕೂಗುವ ಮೇಷ್ಟರ ಥರ ಕೇಳಿಸಿಯಾನು.

ಇಲ್ಲಿಯವರು ಏನು ನೋಡುತ್ತಾರೆ ಅಂತ ಕೇಳಿದ್ದಿರಿ. ‘ಡಾಕ್ಟರ್ ಹೂ’ ಅಂತ ಒಂದು ಧಾರಾವಾಹಿ ಇದೆ, 1963ರಲ್ಲಿ ಶುರುವಾದದ್ದು. ನಾಯಕ ಫೋನ್ ಬೂತಿನಂಥ ನೀಲಿ ಪೊಲೀಸ್ ಪೆಟ್ಟಿಗೆಯೊಳಗೆ ಕೂತು ಕಾಲದಿಂದ ಕಾಲಕ್ಕೆ ಓಡಾಡುತ್ತಾನೆ. ಮೊದಲ ನಟನ ಆರೋಗ್ಯ ಕೆಟ್ಟಾಗ, 1966ರಲ್ಲಿ, ‘ಇವನು ಹೀಗೇ, ದೇಹ ಬದಲಿಸುತ್ತಾನೆ’ ಅಂದುಬಿಟ್ಟರು! ನಮ್ಮವರು ‘ಇನ್ನು ಮುಂದೆ ಈ ಪಾತ್ರದಲ್ಲಿ ಇವರು’ ಅಂತ ಒಂದು ಸಾಲು ತೋರಿಸಿ ಮುಗಿಸುವ ಕೆಲಸಕ್ಕೆ ಇವರು ಪುರಾಣವನ್ನೇ ಕಟ್ಟಿದ್ದಾರೆ. ನನ್ನ ಕೇಳಿದರೆ ಇದೇ ವಾಸಿ. ಇನ್ನು 2001ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 3,90,000 ಜನ ತಮ್ಮ ಧರ್ಮ ‘ಜೆಡೈ’, ಅಂದರೆ ಸ್ಟಾರ್ ವಾರ್ಸ್ ಸಿನಿಮಾದ ಯೋಧರ ಪಂಥ, ಅಂತ ಬರೆದರು. ನಗಬೇಡಿ, ಕಟೌಟಿಗೆ ಹಾಲೆರೆಯುವ ನಾವು ನಗುವ ಹಾಗಿಲ್ಲ.

ಆಫೀಸಿನಲ್ಲಿ ಒಬ್ಬ ಭಾರತದ ರೋಬೋ ಸಿನಿಮಾ ಅಂದರೆ ರಜನಿಯ 2010ರದ್ದೇ ಅಂದ. ಬಿಡುತ್ತೇನೆಯೇ? 2002ರಲ್ಲೇ ನಮ್ಮ ಉಪೇಂದ್ರ ‘ಹಾಲಿವುಡ್’ನಲ್ಲಿ ರೋಬೋ ಆಗಿದ್ದ ಅಂತ ಬಾಯಿ ಮುಚ್ಚಿಸಿದೆ. ಸಿನಿಮಾ ಹೇಗಿತ್ತು ಅಂತ ಕೇಳಿದ. ಮಾತು ಬದಲಿಸಿದೆ.

ರೋಬೋ ಅಂದಾಗ ನೆನಪಾಯಿತು. ‘ಕಣ್ಣೊಳಗೆ ಪ್ಲಾಸ್ಟಿಕ್ ಇಟ್ಟುಕೊಂಡು ನಾನೂ ರೋಬೋ ಆಗಲೇನು?’ ಅಂದಿರಂತೆ ಅಮ್ಮನ ಹತ್ತಿರ. ಸ್ಟಾರ್ ಟ್ರೆಕ್ ಅನ್ನುವ ಬಾಹ್ಯಾಕಾಶದ ಕಥೆಯ ಜಾರ್ಡಿಯನ್ನು ಮೆಚ್ಚಿದವರು ನೀವು! ಹುಟ್ಟುಕುರುಡ, ನೋಟ ಕೊಡುವ ಯಂತ್ರದ ಪಟ್ಟಿಯನ್ನು ಕಣ್ಣಿಗೆ ಕಟ್ಟಿಕೊಂಡೇ ಹಡಗಿನ ಎಂಜಿನ್ ನೋಡಿಕೊಳ್ಳುತ್ತಿದ್ದ. 1996ರ ಸಿನಿಮಾ ಹೊತ್ತಿಗೆ ಅವನಿಗೆ ಕೃತಕ ಕಣ್ಣೇ ಬಂತು. ಅದೇ ಸ್ಟಾರ್ ಟ್ರೆಕ್‌ನ ಕ್ಯಾಪ್ಟನ್ ಕರ್ಕ್‌ನ ಕಥೆಯೂ ನಿಮಗೆ ಗೊತ್ತು. 1982ರ ಚಿತ್ರದಲ್ಲಿ ಡಾಕ್ಟರ್ ಮೆಕಾಯ್ ಅವನ ಹುಟ್ಟುಹಬ್ಬಕ್ಕೆ ಓಬೀರಾಯನ ಕಾಲದ ಕನ್ನಡಕ ಕೊಡುತ್ತಾನೆ, ಯಾಕೆಂದರೆ ಕಣ್ಣಿನ ಮದ್ದು ಕರ್ಕ್‌ಗೆ ಅಲರ್ಜಿ. ಅವನಿಗೆ ಆ ನೆಪವಾದರೂ ಇತ್ತು. ನಿಮಗೆ ಯಾವುದರ ಅಲರ್ಜಿ, ಆಪರೇಷನ್ ಥಿಯೇಟರಿನದೇ?

ಪ್ಲಾಸ್ಟಿಕ್ ಅಂತ ಹೀಗಳೆಯಬೇಡಿ. ಎರಡನೇ ಮಹಾಯುದ್ಧದಲ್ಲಿ ಯುದ್ಧವಿಮಾನದ ಗಾಜು, ಅಂದರೆ ಪರ್ಸ್‌ಪೆಕ್ಸ್ ಅನ್ನುವ ಪ್ಲಾಸ್ಟಿಕ್ಕು, ಒಡೆದು ಪೈಲಟ್‌ಗಳ ಕಣ್ಣಿಗೆ ಚೂರು ಹೊಕ್ಕಿತ್ತು. ಆ ಚೂರನ್ನು ಕಣ್ಣು ಸುಮ್ಮನೆ ಸಹಿಸಿಕೊಂಡದ್ದನ್ನು ಹೆರಾಲ್ಡ್ ರಿಡ್ಲಿ ಅನ್ನುವ ಡಾಕ್ಟರು ಗಮನಿಸಿದರು. 1949ರ ನವೆಂಬರಿನಲ್ಲಿ ಇದೇ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಪೊರೆ ತೆಗೆದ ಕಣ್ಣಿಗೆ ಅದೇ ಪ್ಲಾಸ್ಟಿಕ್ಕಿನ ಮೊದಲ ಕೃತಕ ಲೆನ್ಸ್ ಕೂರಿಸಿದರು. ನೀವು ಕಣ್ಣು ಮಿಟುಕಿಸದೆ ನೋಡುವ ಸ್ಟಾರ್ ವಾರ್ಸ್‌ನ ಆಕಾಶ ಕಾಳಗವಿದೆಯಲ್ಲ, ನಿರ್ದೇಶಕ ಲ್ಯೂಕಸ್ ಅದಕ್ಕೆ ಮಾದರಿ ಮಾಡಿಕೊಂಡದ್ದೂ ಆ ಯುದ್ಧದ ವಿಮಾನಗಳ ಸಿನಿಮಾ ತುಣುಕುಗಳನ್ನೇ.

ಹಣ್ಣಾಗಲಿ ಅನ್ನುವುದು ಹಳೇ ಕಾಲದ ಮಾತು. ಈಗ ಎರಡು ಮೂರು ಮಿಲಿಮೀಟರಿನ ಗಾಯ ಮಾಡಿ, ಪೊರೆಯನ್ನು ಶಬ್ದದ ಅಲೆಯಿಂದ ಒಡೆದು ಹೀರಿ ತೆಗೆಯುತ್ತಾರೆ. ಹಣ್ಣಾದಷ್ಟೂ ಅದು ಗಟ್ಟಿಯಾಗುತ್ತದೆ, ಒಡೆಯುವುದು ಅಷ್ಟೇ ಕಷ್ಟ. ಸಾಮಾನ್ಯವಾಗಿ ಮೈಮರೆಸುವುದೂ ಇಲ್ಲ, ಕಣ್ಣಿಗಷ್ಟೇ ಮರಗಟ್ಟಿಸುವ ಹನಿ. ಹೆದರುವಂಥದ್ದು ಏನಿಲ್ಲ, ಏನೇನೂ ಇಲ್ಲ. ನಾನಂತೂ ಒಂದು ಚೂರೂ ಚಿಂತೆ ಮಾಡುತ್ತಿಲ್ಲ. ರಾತ್ರಿಯೆಲ್ಲ ಕೂತು ಇದನ್ನು ಓದಿದ್ದು ನಿದ್ದೆ ಬರಲಿಲ್ಲ ಅಂತ, ಅಷ್ಟೆ. ಆದರೆ ಸಕ್ಕರೆ ಹತೋಟಿಯಲ್ಲಿರಲಿ, ಅದನ್ನು ಡಾಕ್ಟರಿಗೆ ಮುಚ್ಚಿಡಬೇಡಿ. ನೀವು ಮುಚ್ಚಿಡುತ್ತೀರಿ, ಅದಕ್ಕೇ ಅಮ್ಮನೂ ಜೊತೆಗೆ ಹೋಗಲಿ.

ದುಡ್ಡು ಗಿರಿಯ ಖಾತೆಗೆ ಹಾಕಿದ್ದೇನೆ, ಅವನು ಬೇರೆಯದಕ್ಕೆ ಮುಟ್ಟದ ಹಾಗೆ ನೋಡಿಕೊಳ್ಳಿ. ತಾರೀಖು ಗೊತ್ತಾದ ಕೂಡಲೇ ತಿಳಿಸಿ. ಸುಮಾ ಚಿಕ್ಕಮ್ಮ ಕೇಳಿದ ಮದುವೆ ವಿಷಯಕ್ಕೆ ಮುಂದಿನ ಕಾಗದದಲ್ಲಿ ಉತ್ತರ. ಅಂಚೆ ಡಬ್ಬಿ ತೆರೆಯುವ ಹೊತ್ತಾಯಿತು, ಓಡುತ್ತೇನೆ.

ಇತಿ ನಿಮ್ಮ ಮಗಳು
ವಾಣಿ